ಖಾಲಿ ಸಿಲಿಂಡರ್ ಯಾರಿಗೆ ಗೊತ್ತಿತ್ತು?

ವೈದ್ಯಕೀಯ ನಿರ್ಲಕ್ಷ್ಯದ ಮಾತು ಬಂದಾಗಲೆಲ್ಲ ವಕೀಲರು ತಪ್ಪದೆ ಎತ್ತುವ ತೀರ್ಪೊಂದಿದೆ. ಜೇಕಬ್ ಮ್ಯಾಥ್ಯೂ ವಿರುದ್ಧ ಪಂಜಾಬ್ ರಾಜ್ಯ, ಸುಪ್ರೀಂ ಕೋರ್ಟ್, 2005. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ಸಾಧಾರಣ ಅಜಾಗರೂಕತೆ ಸಾಲದು, ಅದು ಘೋರವಾಗಿರಬೇಕು. ದೂರು ಬಂದ ಮಾತ್ರಕ್ಕೆ ಪೊಲೀಸರು ವೈದ್ಯರನ್ನು ಹಿಡಿದು ಒಳಗೆ ಹಾಕುವಂತಿಲ್ಲ. ಮೊದಲು ಆ ವಿಷಯ ಬಲ್ಲ ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕು. ಇವೆಲ್ಲ ಆ ತೀರ್ಪು ಹಾಕಿಕೊಟ್ಟ ಗೆರೆಗಳು. ವೈದ್ಯರ ಸಂಘಗಳು ಇಂದಿಗೂ ಅದನ್ನೇ ನೆಚ್ಚಿಕೊಂಡಿವೆ. ಆದರೆ ಆ ಮೊಕದ್ದಮೆ ಹುಟ್ಟಿದ್ದಾದರೂ ಯಾತಕ್ಕೆ ಎಂದು ಕೇಳಿದರೆ ಬಹಳ ಜನ ತಡವರಿಸುತ್ತಾರೆ.

ಅದು 1995ರ ಫೆಬ್ರುವರಿ 22. ಲುಧಿಯಾನದ ಆಸ್ಪತ್ರೆಯೊಂದರ ಖಾಸಗಿ ವಾರ್ಡು. ದೂರಿನಲ್ಲಿರುವ ಪ್ರಕಾರ, ರಾತ್ರಿ ಹನ್ನೊಂದರ ಸುಮಾರಿಗೆ ರೋಗಿಗೆ ಉಸಿರಾಟ ಕಷ್ಟವಾಯಿತು. ಮಗ ನರ್ಸ್‌ಗೆ ಹೇಳಿದರು, ನರ್ಸ್ ವೈದ್ಯರಿಗೆ ಕರೆ ಕಳಿಸಿದರು. 20-25 ನಿಮಿಷ ಯಾರೂ ಬರಲಿಲ್ಲ. ಕೊನೆಗೆ ಬಂದವರು ಆಮ್ಲಜನಕದ ಸಿಲಿಂಡರ್ ಜೋಡಿಸಿದರೆ ಅದು ಖಾಲಿ. ಕೋಣೆಯಲ್ಲಿ ಇನ್ನೊಂದು ಇರಲಿಲ್ಲ. ಮಗನೇ ಪಕ್ಕದ ಕೋಣೆಗೆ ಓಡಿ ಒಂದನ್ನು ಎಳೆದು ತಂದರು. ಅದನ್ನು ಚಾಲೂ ಮಾಡಲು ವ್ಯವಸ್ಥೆ ಇರಲಿಲ್ಲ. ಈ ಗಡಿಬಿಡಿಯಲ್ಲಿ ಐದರಿಂದ ಏಳು ನಿಮಿಷ ಕಳೆದವು. ಅಷ್ಟು ಹೊತ್ತಿಗೆ ಬಂದ ಮತ್ತೊಬ್ಬ ವೈದ್ಯರು, ರೋಗಿ ತೀರಿಕೊಂಡಿದ್ದಾರೆ ಎಂದು ಹೇಳಿದರು.

ವೈದ್ಯರ ಮೇಲೆ ಐಪಿಸಿ 304ಎ ಕಲಂ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಿಲಿಂಡರ್ ಇಲ್ಲದ್ದಕ್ಕೆ ಅಥವಾ ಖಾಲಿಯಿದ್ದದ್ದಕ್ಕೆ ಆಸ್ಪತ್ರೆ ಸಿವಿಲ್ ಹೊಣೆ ಹೊರಬೇಕಾದೀತು, ಹೊರದೆಯೂ ಇರಬಹುದು, ಆ ಬಗ್ಗೆ ನಾವೇನೂ ಹೇಳುವುದಿಲ್ಲ ಎಂದು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಿತು. ಕಾನೂನಿನ ಲೆಕ್ಕದಲ್ಲಿ ಸರಿಯಾದ ತೀರ್ಪೇ. ಆದರೆ ಸಿಲಿಂಡರ್ ತನ್ನಷ್ಟಕ್ಕೆ ತಾನೇ ಖಾಲಿಯಾಗುವುದಿಲ್ಲ. ಯಾವ ಆಸ್ಪತ್ರೆಯಲ್ಲೇ ಆಗಲಿ, ಅದನ್ನು ಕೊನೆಯ ಸಲ ಬಳಸಿದ ಒಬ್ಬರು ಇರುತ್ತಾರೆ. ಮುಳ್ಳು ಸೊನ್ನೆಗೆ ಇಳಿದದ್ದನ್ನು ಅವರು ಕಂಡಿರುತ್ತಾರೆ. ಡ್ಯೂಟಿ ಮುಗಿಸಿ ಹೋಗುವಾಗ ಅವರು ಬಾಯಿಬಿಟ್ಟು ಹೇಳಿದರೇ, ಕೇಳಿಸಿಕೊಂಡವರು ಸ್ಟೋರಿಗೆ ತಿಳಿಸಿದರೇ ಎಂಬುದು ಯಾವ ಎಫ್‌ಐಆರ್‌ನಲ್ಲೂ ಬರುವ ಸಂಗತಿಯಲ್ಲ.

ನಿರ್ಲಕ್ಷ್ಯ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಹೊಟ್ಟೆಯಲ್ಲಿ ಕತ್ತರಿ ಮರೆತ ಸರ್ಜನ್. ಅಂಥವರಿಲ್ಲವೆಂದಲ್ಲ. ಆದರೆ ಆಸ್ಪತ್ರೆಗಳ ಕಡತ ತಿರುವಿದಷ್ಟೂ ಕಾಣುವುದು ಇನ್ನೊಂದು ಬಗೆಯ ಅನಾಹುತ: ಒಬ್ಬರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಾಗಲಿಲ್ಲ.

ಇದಕ್ಕೆ ಲೆಕ್ಕ ಕೊಟ್ಟವರು ವಿಮೆಯವರು. ಹಾರ್ವರ್ಡ್ ಜೊತೆ ನಂಟಿರುವ ಆಸ್ಪತ್ರೆಗಳಿಗೆ ವಿಮೆ ಒದಗಿಸುವ ಕ್ರಿಕೊ ಎಂಬ ಸಂಸ್ಥೆ 2009ರಿಂದ 2013ರವರೆಗಿನ 23,658 ವೈದ್ಯಕೀಯ ನಿರ್ಲಕ್ಷ್ಯ ಪ್ರಕರಣಗಳನ್ನು ಜಾಲಾಡಿ 2015ರಲ್ಲಿ ವರದಿ ಕೊಟ್ಟಿತು. ಶೇ 30ರಷ್ಟು ಪ್ರಕರಣಗಳಲ್ಲಿ ಸಂವಹನದ ಸೋಲಿತ್ತು. ಅವುಗಳಲ್ಲಿ 1,744 ಸಾವು. ನಷ್ಟದ ಮೊತ್ತ 170 ಕೋಟಿ ಡಾಲರ್. ಈ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕಡೆ ಮಾತು ಕಡಿದದ್ದು ಚಿಕಿತ್ಸೆ ಕೊಡುವವರ ನಡುವೆಯೇ. ಹಣ ಎಲ್ಲಿ ಸೋರುತ್ತಿದೆ ಎಂದು ಹುಡುಕುವವರಿಗೆ ಯಾರ ಮುಲಾಜೂ ಇರುವುದಿಲ್ಲವಾದ್ದರಿಂದ ಈ ಲೆಕ್ಕವನ್ನು ನಂಬಬಹುದು.

ಹೇಳಿದರೂ ಕೇಳಿಸಲಿಲ್ಲ

2005ರ ಮಾರ್ಚ್ 29ರಂದು ಇಂಗ್ಲೆಂಡಿನಲ್ಲಿ ಎಲೇನ್ ಬ್ರಾಮಿಲಿ ಎಂಬ 37 ವರ್ಷದ ಮಹಿಳೆ ಸೈನಸ್ ಶಸ್ತ್ರಚಿಕಿತ್ಸೆಗೆ ಬಂದರು. ಇಬ್ಬರು ಚಿಕ್ಕ ಮಕ್ಕಳ ತಾಯಿ. ಬೆಳಿಗ್ಗೆ 8.35ಕ್ಕೆ ಅರಿವಳಿಕೆ ಕೊಟ್ಟರು. ಗಂಟಲಿಗೆ ಹಾಕಬೇಕಾದ ಉಸಿರಾಟದ ಸಾಧನ ಕೂರಲೊಲ್ಲದು. ನಾಲ್ಕೇ ನಿಮಿಷದಲ್ಲಿ ರಕ್ತದಲ್ಲಿನ ಆಮ್ಲಜನಕ ಶೇ 40ಕ್ಕೆ ಕುಸಿಯಿತು. ಅರಿವಳಿಕೆ ತಜ್ಞರ ನೆರವಿಗೆ ಮತ್ತೊಬ್ಬ ಅರಿವಳಿಕೆ ತಜ್ಞರು ಬಂದರು, ಇಎನ್‌ಟಿ ಸರ್ಜನ್ ಸಹ ಇದ್ದರು. ಮೂವರೂ ನುರಿತ ಕನ್ಸಲ್ಟೆಂಟ್‌ಗಳು. ಬಾಯಿಯ ಮೂಲಕ ನಳಿಕೆ ಇಳಿಸುವ ಪ್ರಯತ್ನ ಮತ್ತೆ ಮತ್ತೆ ನಡೆಯಿತು. ಇಂಥ ಹೊತ್ತಿನಲ್ಲಿ ಕೊರಳಿನ ಮುಂಭಾಗ ಸೀಳಿ ಶ್ವಾಸನಾಳಕ್ಕೆ ದಾರಿ ಮಾಡಬೇಕೆಂಬುದು ಪಠ್ಯದಲ್ಲೇ ಇರುವ ಕೊನೆಯ ಹೆಜ್ಜೆ. ಅದನ್ನು ಯಾರೂ ಮಾಡಲಿಲ್ಲ.

ಮೂವರಿಗೂ ಅದು ಹೊಳೆಯದಿದ್ದಾಗ ಕೋಣೆಯಲ್ಲಿದ್ದ ನರ್ಸ್‌ಗಳಿಗೆ ಹೊಳೆದಿತ್ತು. ಒಬ್ಬರು ಅದಕ್ಕೆ ಬೇಕಾದ ಟ್ರೇಕಿಯಾಸ್ಟಮಿ ಸಲಕರಣೆ ತಂದಿಟ್ಟು, ಸಿದ್ಧವಾಗಿದೆ ಎಂದರು. ಉತ್ತರ ಬರಲಿಲ್ಲ. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಹಾಸಿಗೆ ಕಾದಿರಿಸಿದರು. ಅದನ್ನು ಬಂದು ಹೇಳಿದಾಗ, ಇಷ್ಟಕ್ಕೆಲ್ಲ ಐಸಿಯು ಯಾಕೆ ಎಂಬಂತೆ ವೈದ್ಯರು ನೋಡಿದರು. ಆ ನರ್ಸ್ ಹಿಂದಿರುಗಿ ಹೋಗಿ ಹಾಸಿಗೆ ರದ್ದು ಮಾಡಿದರು. ಎಲೇನ್ 13 ದಿನಗಳ ನಂತರ ತೀರಿಕೊಂಡರು. ಏನು ಮಾಡಬೇಕೆಂದು ತಮಗೆ ಗೊತ್ತಿತ್ತು, ಹೇಗೆ ಹೇಳಬೇಕೆಂದು ತಿಳಿಯಲಿಲ್ಲ ಎಂಬ ಮಾತು ವಿಚಾರಣೆಯಲ್ಲಿ ನರ್ಸ್‌ಗಳ ಕಡೆಯಿಂದ ಬಂತು.

ಗಂಡ ಮಾರ್ಟಿನ್ ಬ್ರಾಮಿಲಿ ವಿಮಾನದ ಪೈಲಟ್. ತನಿಖೆ ಯಾವಾಗ ಎಂದು ಅವರು ಆಸ್ಪತ್ರೆಯನ್ನು ಕೇಳಿದರು. ನೀವು ಕೇಸು ಹಾಕಿದರೆ ಮಾತ್ರ ಎಂಬಂಥ ಉತ್ತರ ಸಿಕ್ಕಿತು. ವಿಮಾನ ಬಿದ್ದರೆ ಯಾರೂ ಕೇಸು ಹಾಕುವವರೆಗೆ ಕಾಯುವುದಿಲ್ಲವಲ್ಲ ಎಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪಟ್ಟು ಹಿಡಿದು ಸ್ವತಂತ್ರ ಪರಿಶೀಲನೆ ಮಾಡಿಸಿದರು. ಆ ಮೂವರು ವೈದ್ಯರು ಕೆಲಸಕ್ಕೆ ಮರಳಬೇಕು, ಅವರು ಕಲಿತದ್ದು ಉಳಿದವರಿಗೆ ಸಿಗಬೇಕು ಎಂದೇ ಬಯಸಿದರು. 2007ರಲ್ಲಿ ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪ್ ಎಂಬ ಸಂಘಟನೆ ಕಟ್ಟಿದರು.

ವಿಮಾನಯಾನಕ್ಕೆ ಈ ಪಾಠ ಅದಕ್ಕೂ ಮೊದಲೇ ಆಗಿತ್ತು. 1977ರ ಮಾರ್ಚ್ 27ರಂದು ಟೆನೆರೀಫ್‌ನ ಮಂಜು ಮುಸುಕಿದ ರನ್‌ವೇಯಲ್ಲಿ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಬಿಟ್ಟಿದೆ ಎಂದು ಹಿರಿಯ ಕ್ಯಾಪ್ಟನ್ ಅಂದದ್ದೇ ತಡ, ಆ ಮಾತು ಅಲ್ಲಿಗೆ ಮುಗಿಯಿತು. ಕಿರಿಯರು ಹಿರಿಯರನ್ನು ತಡೆದು ಹೇಳುವುದನ್ನು, ಹಿರಿಯರು ನಿಂತು ಕೇಳುವುದನ್ನು ತರಬೇತಿಯಾಗಿಯೇ ಕಲಿಸುವ ಪದ್ಧತಿ ವಿಮಾನಯಾನದಲ್ಲಿ ಬೇರುಬಿಟ್ಟದ್ದು ಇಂಥ ದುರಂತಗಳ ನಂತರ.

ಈಗ ನಮ್ಮ ವಾರ್ಡಿಗೆ ಬನ್ನಿ. ಬೆಳಗಿನ ರೌಂಡ್ಸ್. ಮುಂದೆ ಪ್ರೊಫೆಸರ್, ಹಿಂದೆ ಅಸಿಸ್ಟೆಂಟ್‌ಗಳು, ಅವರ ಹಿಂದೆ ಪಿಜಿಗಳು, ಹೌಸ್ ಸರ್ಜನ್‌ಗಳು, ಎಲ್ಲರಿಗಿಂತ ಹಿಂದೆ ಕೇಸ್ ಶೀಟ್ ಹಿಡಿದ ಸಿಸ್ಟರ್. ರಾತ್ರಿಯಿಡೀ ರೋಗಿಯ ಪಕ್ಕದಲ್ಲಿದ್ದವರು ಅವರೇ. ಮೂತ್ರ ಕಡಿಮೆಯಾದದ್ದು, ನಸುಕಿನಲ್ಲಿ ಎರಡು ಸಲ ಬಡಬಡಿಸಿದ್ದು ಅವರಿಗೇ ಗೊತ್ತು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ. ಸುಮ್ಮನೆ ಯಾಕೆ ಬೈಸಿಕೊಳ್ಳುವುದು ಎಂಬುದು ಅವರು ಅನುಭವದಿಂದ ಕಲಿತ ವಿದ್ಯೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಾದರೆ ಇದರ ಮೇಲೆ ಭಾಷೆಯ ತೊಡಕು ಬೇರೆ: ರೋಗಿ ಕನ್ನಡದಲ್ಲಿ ಹೇಳಿದ್ದನ್ನು ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದ ನರ್ಸ್ ತಿಳಿದಷ್ಟು ತಿಳಿದುಕೊಂಡು, ಹಿಂದಿ ಮನೆಮಾತಿನ ಪಿಜಿಗೆ ಇಂಗ್ಲಿಷಿನಲ್ಲಿ ಒಪ್ಪಿಸಬೇಕು.

ಹಿರಿಯರಿಗೆ ಎದುರು ಹೇಳುವುದು ಹೇಗೆಂದು ಕಲಿಸಲು ಸಾಧ್ಯವೇ? ಸಾಧ್ಯ. ಅಮೆರಿಕದ ನೌಕಾಪಡೆಯ ಅಣುಚಾಲಿತ ಜಲಾಂತರ್ಗಾಮಿಗಳಲ್ಲಿ ಬೆಳೆದ ಒಂದು ಮಾತಿನ ಕ್ರಮವನ್ನು ಕೈಸರ್ ಪರ್ಮನೆಂಟೆ ಆಸ್ಪತ್ರೆ ಸಮೂಹ ವೈದ್ಯಕೀಯಕ್ಕೆ ತಂದಿತು. ಎಸ್‌ಬಿಎಆರ್ ಎಂದು ಅದರ ಹೆಸರು. ಈಗ ಏನಾಗುತ್ತಿದೆ, ರೋಗಿಯ ಹಿನ್ನೆಲೆ ಏನು, ನನ್ನ ಅಂದಾಜು ಏನು, ನೀವು ಏನು ಮಾಡಬೇಕು. ಮಧ್ಯರಾತ್ರಿ ಫೋನ್ ಮಾಡಿದ ನರ್ಸ್ "ಸಾರ್, ಹನ್ನೆರಡನೇ ಬೆಡ್ ಪೇಷೆಂಟ್ ಯಾಕೋ ಸರಿಯಿಲ್ಲ" ಎಂದರೆ ನಿದ್ದೆಗಣ್ಣಿನ ವೈದ್ಯರು "ನೋಡ್ತಿರಿ, ಬೆಳಿಗ್ಗೆ ಬರ್ತೀನಿ" ಅನ್ನುತ್ತಾರೆ. "ಸಾರ್, ಹನ್ನೆರಡನೇ ಬೆಡ್, ಸಿಸೇರಿಯನ್ ಆಗಿ ಆರು ಗಂಟೆ. ಬಿಪಿ 80ಕ್ಕೆ ಇಳಿದಿದೆ, ನಾಡಿ 130. ಒಳಗೆ ರಕ್ತಸ್ರಾವ ಆಗುತ್ತಿರಬೇಕು ಅನ್ನಿಸುತ್ತೆ. ನೀವು ಈಗಲೇ ಬರಬೇಕು" ಎಂದರೆ ಆ ವೈದ್ಯರು ಮಗ್ಗುಲು ಬದಲಿಸುವಂತಿಲ್ಲ. ಈ ನಾಲ್ಕರಲ್ಲಿ ನಮ್ಮ ನರ್ಸ್‌ಗಳ ನಾಲಿಗೆ ತಡೆಯುವುದು ಕೊನೆಯ ಎರಡರಲ್ಲಿ. ಅಂದಾಜು ಮಾಡುವುದು, ಇಂಥದ್ದು ಮಾಡಿ ಎನ್ನುವುದು ಡಾಕ್ಟರ ಹಕ್ಕು ಎಂದು ಅವರಿಗೆ ಕಲಿಸಿಟ್ಟಿದೆ.

ಡ್ಯೂಟಿ ಬದಲಾಗುವ ಹೊತ್ತು

ಪಾಳಿ ಬದಲಾಗುವಾಗ ರೋಗಿಯನ್ನು ಒಪ್ಪಿಸುವುದನ್ನು ಹ್ಯಾಂಡೋವರ್ ಅನ್ನುತ್ತಾರೆ. ರಾತ್ರಿ ಡ್ಯೂಟಿ ಮುಗಿಸಿದವರಿಗೆ ಬಸ್ಸಿನ ಆತುರ, ಬೆಳಿಗ್ಗೆ ಬಂದವರಿಗೆ ಇನ್ನೂ ಸಮವಸ್ತ್ರ ತೊಡುವ ಆತುರ. ಭಾರತೀಯ ನರ್ಸಿಂಗ್ ಕೌನ್ಸಿಲ್ ಪ್ರಕಾರ ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಉಳಿದೆಡೆ ಐವರಿಗೆ ಒಬ್ಬರು ನರ್ಸ್ ಇರಬೇಕು. ಜನರಲ್ ವಾರ್ಡಿನ ರಾತ್ರಿ ಪಾಳಿ ನೋಡಿದವರಿಗೆ ಇದು ಕಾಗದದ ಮಾತು ಎಂದು ಗೊತ್ತು.

ಹ್ಯಾಂಡೋವರ್ ಸುಧಾರಿಸಿದರೆ ನಿಜಕ್ಕೂ ಏನಾದರೂ ಆಗುತ್ತದೆಯೇ ಎಂದು ಒಂಬತ್ತು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಐ-ಪಾಸ್ ಎಂಬ ಕ್ರಮ ಅದು. ರೋಗಿ ಎಷ್ಟು ಗಂಭೀರ ಎಂಬುದರಿಂದ ಶುರುವಾಗಿ, ಸಾರಾಂಶ, ಮಾಡಬೇಕಾದ ಕೆಲಸ, ಕೆಟ್ಟರೆ ಏನು ಮಾಡುವುದು ಎಂಬಲ್ಲಿಗೆ ಬಂದು, ಕೊನೆಗೆ ಕೇಳಿಸಿಕೊಂಡವರು ತಾವು ತಿಳಿದದ್ದನ್ನು ತಿರುಗಿ ಹೇಳುವುದರೊಂದಿಗೆ ಮುಗಿಯುತ್ತದೆ. 10,740 ದಾಖಲಾತಿಗಳ ಲೆಕ್ಕದಲ್ಲಿ ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ತಪ್ಪಿಸಬಹುದಾಗಿದ್ದ ಹಾನಿಗಳು ಶೇ 30ರಷ್ಟು ಇಳಿದವು. ಒಬ್ಬ ರೋಗಿಗೆ ಬೇಕಾದ ಸಮಯ ಮೊದಲಿನಷ್ಟೇ, ಎರಡೂವರೆ ನಿಮಿಷದ ಆಸುಪಾಸು. ನಮಗೆಲ್ಲಿ ಪುರಸೊತ್ತು ಎನ್ನುವವರು ಈ ಕೊನೆಯ ಅಂಕಿಯನ್ನು ನೋಡಬೇಕು. ನನ್ನ ಮಟ್ಟಿಗೆ ಇಡೀ ಕ್ರಮದ ಜೀವ ಇರುವುದು ಆ ತಿರುಗಿ ಹೇಳುವುದರಲ್ಲಿ. ಹೇಳಿದ್ದೇನೆ ಎನ್ನುವುದಕ್ಕೂ ಅವರಿಗೆ ತಲುಪಿದೆ ಎನ್ನುವುದಕ್ಕೂ ಇರುವ ಅಂತರ ಅಲ್ಲಿ ಬಯಲಾಗುತ್ತದೆ. ಈಗಂತೂ ಅರ್ಧ ಆರ್ಡರ್‌ಗಳು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರುತ್ತವೆ. ಎರಡು ನೀಲಿ ಟಿಕ್ ಬಂದ ಮಾತ್ರಕ್ಕೆ ಇಂಜೆಕ್ಷನ್ ಕೊಟ್ಟಾಯಿತು ಎಂದರ್ಥವಲ್ಲ.

ಫೋನಿನಲ್ಲಿ ಹೇಳಿದ ಡೋಸು ಫಿಫ್ಟೀನೋ ಫಿಫ್ಟಿಯೋ? ಒಂದು ಐದು ಎಂದು ಬಿಡಿಸಿ ತಿರುಗಿ ಹೇಳಿದರೆ ಮುಗಿಯಿತು. ಇನ್ಸುಲಿನ್ 10 ಎಂದು ಬರೆದು ಪಕ್ಕದಲ್ಲಿ ಯೂನಿಟ್ ಎಂಬುದಕ್ಕೆ ಬರೀ 'ಯು' ಗೀಚಿದರೆ ಅದು ಸೊನ್ನೆಯಂತೆ ಕಂಡು 100 ಆಗುತ್ತದೆ. ಜಗತ್ತಿನಾದ್ಯಂತ ಈ ಒಂದಕ್ಷರವನ್ನು ಬಳಸಬೇಡಿ ಎಂದು ಎಚ್ಚರಿಸಿರುವುದು ಇದಕ್ಕೇ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ಬರೆದವರು ಒಂದು ಉದ್ದೇಶದಲ್ಲಿ ಬರೆದು, ಅಂಗಡಿಯವರು ಅಭ್ಯಾಸಬಲದಿಂದ ಲಕೋಟೆಯ ಮೇಲೆ 1-0-0 ಎಂದು ಹಾಕಿದರೆ ರೋಗಿ ದಿನಾ ನುಂಗುತ್ತಾರೆ, ಅಸ್ಥಿಮಜ್ಜೆ ಸೊರಗುತ್ತದೆ, ಪ್ರಾಣ ಹೋಗುತ್ತದೆ. ವೈದ್ಯರಿಗೂ ಗೊತ್ತು, ಫಾರ್ಮಸಿಸ್ಟ್‌ಗೂ ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡುವುದಿಲ್ಲ ಅಷ್ಟೆ.

ಕಾನೂನು ಕೂಡಿಸುವ ಲೆಕ್ಕ

1998ರಲ್ಲಿ ಅಮೆರಿಕದಿಂದ ರಜೆಗೆ ಕೋಲ್ಕತ್ತಕ್ಕೆ ಬಂದಿದ್ದ ಅನುರಾಧಾ ಸಾಹಾ ಅವರಿಗೆ ಜ್ವರ, ಮೈಮೇಲೆ ದದ್ದು. ದೀರ್ಘ ಕಾಲ ಕೆಲಸ ಮಾಡುವ ಡೆಪೊಮೆಡ್ರಾಲ್ ಎಂಬ ಸ್ಟೆರಾಯ್ಡ್ ಚುಚ್ಚುಮದ್ದನ್ನು ದಿನಕ್ಕೆ ಎರಡು ಸಲ, 80 ಮಿಲಿಗ್ರಾಂನಂತೆ ಬರೆದರು. ಮೇ 11ರಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಬರೆದ ಹಿರಿಯ ವೈದ್ಯರು ಅದೇ ಹೊತ್ತಿಗೆ ವಿದೇಶಕ್ಕೆ ಹೊರಟರು. ಮುಂದಿನದು ಬೇರೆ ವೈದ್ಯರ ಕೈಗೆ ಬಂತು. ಚರ್ಮ ಸುಲಿಯುವ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್ ಎಂಬ ಕಾಯಿಲೆಯಿಂದ ಮೇ 28ರಂದು ಮುಂಬೈಯಲ್ಲಿ ಅವರು ತೀರಿಕೊಂಡರು. ಸ್ವತಃ ವೈದ್ಯರಾದ ಪತಿ ಕುನಾಲ್ ಸಾಹಾ 15 ವರ್ಷ ಹೋರಾಡಿದರು. 2013ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಸುಮಾರು 5.96 ಕೋಟಿ ರೂಪಾಯಿ ಪರಿಹಾರ, ಮೇಲೆ ಬಡ್ಡಿ ಕೊಡಿಸಿತು.

ಎಲ್ಲರೂ ನೆನಪಿಟ್ಟುಕೊಂಡದ್ದು ಆ ಮೊತ್ತವನ್ನು. ಆದರೆ 2009ರಲ್ಲೇ ಅದೇ ಪ್ರಕರಣದಲ್ಲಿ ಕೋರ್ಟ್ ಇನ್ನೊಂದು ಮಾತು ಹೇಳಿತ್ತು. ಇಲ್ಲಿ ಹಲವರ ತಪ್ಪುಗಳು ಒಂದರ ಮೇಲೊಂದು ಸೇರಿವೆ. ಯಾರದು ಎಷ್ಟು ಎಂದು ಬೇರ್ಪಡಿಸುವುದು ಬಲು ಕಷ್ಟ. ಹೀಗೆ ತಪ್ಪುಗಳನ್ನು ಕೂಡಿಸಿ ನೋಡುವುದು ಕ್ರಿಮಿನಲ್ ಕಾನೂನಿನಲ್ಲಿ ಆಗದು. ಸಿವಿಲ್ ಹೊಣೆಯಲ್ಲಿ ಆಗುತ್ತದೆ. ಪರಿಹಾರದಲ್ಲಿ ಇಬ್ಬರು ವೈದ್ಯರಿಗೆ ತಲಾ 10 ಲಕ್ಷ, ಒಬ್ಬರಿಗೆ 5 ಲಕ್ಷ ಬಿತ್ತು. ಉಳಿದ ಭಾರವೆಲ್ಲ ಆಸ್ಪತ್ರೆಯ ತಲೆಗೆ. ನಾನು ನನ್ನ ಕೆಲಸ ಮಾಡಿದೆ, ಉಳಿದದ್ದು ಅವರಿಗೆ ಬಿಟ್ಟದ್ದು ಎಂದು ಕೈ ತೊಳೆದುಕೊಳ್ಳುವವರಿಗೆ ಈ ತೀರ್ಪಿನಲ್ಲಿ ಸಮಾಧಾನ ಸಿಗುವುದಿಲ್ಲ. 1995ರ ವಿ.ಪಿ. ಶಾಂತಾ ತೀರ್ಪಿನಿಂದ ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ಕೆಳಗೆ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ ಶಿಕ್ಷೆ ಇಟ್ಟಿದೆ.

ಹಾಗಾಗಿ ಆಸ್ಪತ್ರೆಗಳು ಕಾಗದ ಹೆಚ್ಚಿಸಿವೆ. ಇಲ್ಲೊಂದು ಎಚ್ಚರಿಕೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ಅನ್ನು ನವದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು; 2009ರಲ್ಲಿ ಫಲಿತಾಂಶ ಬಂದಾಗ ಜಗತ್ತೇ ಹುಬ್ಬೇರಿಸಿತು. ಅದೇ ಪಟ್ಟಿಯನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯ ಕಡ್ಡಾಯ ಮಾಡಿ, 101 ಆಸ್ಪತ್ರೆಗಳ ಲೆಕ್ಕ ತೆಗೆದು 2014ರಲ್ಲಿ ನೋಡಿದರೆ ಗಣನೀಯ ವ್ಯತ್ಯಾಸವೇ ಇಲ್ಲ. ಆ ಪಟ್ಟಿಯಲ್ಲಿ ನನಗೆ ಮುಖ್ಯವೆನಿಸುವುದು ಕೊಯ್ಯುವ ಮೊದಲು ಎಲ್ಲರೂ ತಂತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕೆಂಬ ಸಾಲು. ಒಮ್ಮೆ ಬಾಯಿ ತೆರೆದವರು ಮತ್ತೊಮ್ಮೆ ತೆರೆಯುತ್ತಾರೆ. ಆಪರೇಷನ್ ಮುಗಿದ ಮೇಲೆ ಒಬ್ಬರೇ ಕೂತು ಎಲ್ಲ ಚೌಕಗಳಿಗೂ ಟಿಕ್ ಹಾಕಿದರೆ ಆಡಿಟ್ ಪಾಸಾಗುತ್ತದೆ, ಬೇರೇನೂ ಆಗುವುದಿಲ್ಲ.

ಚೀಟಿಯಲ್ಲಿ ಇಲ್ಲದ ವಿಷಯ

ಕರ್ನಾಟಕದಲ್ಲಿ ಮಾತು ಅತಿ ಹೆಚ್ಚು ಕಡಿದುಹೋಗುವ ಜಾಗ ಯಾವುದೆಂದು ಕೇಳಿದರೆ ನಾನು ರೆಫರ್ ಚೀಟಿಯನ್ನು ತೋರಿಸುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಎಂದು 108ರಲ್ಲಿ ಹೊರಟ ರೋಗಿಯ ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಎಷ್ಟೋ ಸಲ ಇರುವುದು ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಿದೆ ಎಂಬೊಂದು ಸಾಲು, ಕೆಳಗೆ ಓದಲಾಗದ ಸಹಿ.

ಬಸುರಿಯಲ್ಲಿ ಬಿಪಿ ಏರಿ ಫಿಟ್ಸ್ ಬಂದರೆ ಮ್ಯಾಗ್ನೀಶಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಟ್ಟೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಹಳ್ಳಿಯ ಕೇಂದ್ರದಲ್ಲಿ ಅದನ್ನು ಕೊಟ್ಟಿದ್ದಾರೆಂದೇ ಇಟ್ಟುಕೊಳ್ಳಿ. ಎಷ್ಟು, ಎಷ್ಟು ಗಂಟೆಗೆ ಎಂಬುದು ಚೀಟಿಯಲ್ಲಿ ಇಲ್ಲದಿದ್ದರೆ ಹೆರಿಗೆ ಕೋಣೆಯ ಡ್ಯೂಟಿ ಡಾಕ್ಟರ್ ಎದುರು ಎರಡೇ ದಾರಿ. ಕೊಟ್ಟಿಲ್ಲವೆಂದುಕೊಂಡು ಮತ್ತೆ ಪೂರ್ತಿ ಡೋಸ್ ಕೊಟ್ಟರೆ ಉಸಿರಾಟವೇ ಕುಗ್ಗಬಹುದು. ಕೊಟ್ಟಿರಬೇಕು ಎಂದು ಸುಮ್ಮನಾದರೆ, ಕೊಟ್ಟಿರದಿದ್ದ ಪಕ್ಷದಲ್ಲಿ ಮತ್ತೆ ಫಿಟ್ಸ್. ಮಂಡಿಯ ಪ್ರತಿವರ್ತನೆ, ಉಸಿರಿನ ಗತಿ ನೋಡಿ ಊಹಿಸುತ್ತಾ ನಿಲ್ಲಬೇಕು. ಒಂದು ಸಾಲು ಬರೆದಿದ್ದರೆ, ಇಲ್ಲವೇ ಹಿಂದಿನ ವೈದ್ಯರ ಮೊಬೈಲ್ ನಂಬರ್ ಇದ್ದಿದ್ದರೆ ಈ ಊಹೆಯ ಆಟವೇ ಇರುತ್ತಿರಲಿಲ್ಲ.

ಇದು ನಮ್ಮಿಂದಾಗದ ಕೆಲಸವೂ ಅಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ಹಬ್‌ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿನವರು ಹೃದಯಾಘಾತವೆಂದು ಖಚಿತಪಡಿಸಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಔಷಧ ಹೊಸದಲ್ಲ, ಇಸಿಜಿ ಯಂತ್ರವೂ ಹೊಸದಲ್ಲ. ಹೊಸದಾಗಿ ಕೂಡಿಬಂದದ್ದು ಎರಡು ಊರಿನ ವೈದ್ಯರು ಒಬ್ಬ ರೋಗಿಯ ಬಗ್ಗೆ ಅದೇ ಗಳಿಗೆಯಲ್ಲಿ ಮಾತಾಡುವ ವ್ಯವಸ್ಥೆ. ಹೃದಯಕ್ಕೆ ಮಾಡಿದ್ದನ್ನು ಬಸುರಿ ಬಾಣಂತಿಯರಿಗೂ ತಲೆಗೆ ಪೆಟ್ಟಾದವರಿಗೂ ಮಾಡಲು ಸರ್ಕಾರಕ್ಕೆ ದೊಡ್ಡ ಬಜೆಟ್ಟೇನೂ ಬೇಕಿಲ್ಲ.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ಮನೆಯವರನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ, ಆಂಬುಲೆನ್ಸ್ ಬಾಗಿಲು ಹಾಕುವ ಮುನ್ನ ಚೀಟಿ ತೆರೆದು ನೋಡಿ. ಕೊಟ್ಟ ಔಷಧ, ಅದರ ಪ್ರಮಾಣ, ಕೊಟ್ಟ ಸಮಯ, ಕಳಿಸಿದ ವೈದ್ಯರ ಫೋನ್ ನಂಬರ್ ಇಲ್ಲದಿದ್ದರೆ ನಿಂತು ಬರೆಸಿಕೊಳ್ಳಿ; ಎರಡು ನಿಮಿಷದ ಕೆಲಸ, ಸಂಕೋಚ ಬೇಡ. ಪೂರ್ತಿ ಕೇಸ್ ಶೀಟ್ ಬೇಕಿದ್ದರೆ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ನಡಾವಳಿಯ 2002ರ ನಿಯಮಗಳಲ್ಲೇ ಇದೆ.